ಹಿನ್ನೀರು ಹಸಿರಾದದ್ದೇಕೆ, ಮರುವಾಯಿ ಹೋದದ್ದೆಲ್ಲಿಗೆ?

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಹಿನ್ನೀರಿನ ದಡದಲ್ಲಿದೆ. ಅಪ್ಪನ ಕಾಲದಲ್ಲಿ ಇಳಿತದ ಹೊತ್ತಿಗೆ ಮೊಣಕಾಲು ನೀರಿಗಿಳಿದರೆ ಬುಟ್ಟಿ ತುಂಬ ಮರುವಾಯಿ (ತಳದಲ್ಲಿ ಹುದುಗಿರುವ ತಿನ್ನುವ ಚಿಪ್ಪು) ಸಿಗುತ್ತಿತ್ತಂತೆ. ಈಗ ಸಿಕ್ಕಿದರೂ ಉಗುರಿನಷ್ಟು ದೊಡ್ಡದು. ಮಾರ್ಚ್ ಕಳೆದರೆ ನೀರು ಹಸಿರಾಗುತ್ತದೆ. ಮೇ ಕೊನೆಯ ಪತ್ತನಾಜೆಯ ಆಸುಪಾಸಿನ ಮೊದಲ ಮಳೆಗೆ, ಬೆಳಗಾಗುವಾಗ ಮೀನು ಸತ್ತು ತೇಲುತ್ತದೆ. ಹೊಯ್ಗೆ (ಮರಳು) ತೆಗೆದದ್ದರಿಂದ ಹೀಗಾಯಿತು ಎನ್ನುವವರಿದ್ದಾರೆ, ಕೊಳಚೆಯಿಂದ ಎನ್ನುವವರಿದ್ದಾರೆ, ಹವಾಮಾನ ಬದಲಾವಣೆ ಎನ್ನುವವರೂ ಇದ್ದಾರೆ. ನಮ್ಮ ಯುವಕ ಸಂಘದವರು ಕೆಸರು ಬಯಲಿನ ತುಂಬ ಕಾಂಡ್ಲ (ಮ್ಯಾಂಗ್ರೋವ್) ಗಿಡ ನೆಡಲು ಹೊರಟಿದ್ದಾರೆ. ಅದರಿಂದ ಸರಿಯಾದೀತೇ? ಇನ್ನೊಂದು: ತಮ್ಮನಿಗೆ ಪಚ್ಚಿಲೆ (ಬಂಡೆಗೆ ಅಂಟುವ ಹಸಿರು ಚಿಪ್ಪು) ಕೃಷಿ ಮಾಡುವ ಆಸೆ. ಮಾಡಬಹುದೇ?

ಉತ್ತರ: ಸತ್ತ ಮೀನಿನಿಂದಲೇ ಶುರು ಮಾಡುತ್ತೇನೆ. ಅದು ಯಾವ ಹೊತ್ತಿಗೆ ಸಾಯುತ್ತದೆ ಎಂದು ನೀವು ಬರೆದಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ವಿಷ ಬಿದ್ದು ಸಾಯುವ ಮೀನಿಗೆ ಹಗಲು ರಾತ್ರಿ ಎಂದಿಲ್ಲ. ಬೆಳಗಿನ ಜಾವ ಸಾಯುವ ಮೀನು ಹೆಚ್ಚಾಗಿ ಉಸಿರು ಕಟ್ಟಿ ಸತ್ತದ್ದು. ನೀರನ್ನು ಹಸಿರು ಮಾಡಿದ ಸೂಕ್ಷ್ಮ ಪಾಚಿ ಹಗಲಿಡೀ ಬಿಸಿಲು ಕುಡಿದು ಆಮ್ಲಜನಕ ಬಿಡುತ್ತದೆ. ರಾತ್ರಿಯಾದರೆ ಅದೇ ಪಾಚಿ ಆಮ್ಲಜನಕವನ್ನು ಎಳೆದುಕೊಳ್ಳತೊಡಗುತ್ತದೆ. ಕೆಳಗಿನ ಕೆಸರಿನಲ್ಲಿ ಕೊಳೆಯುವ ವಸ್ತುವಿಗೂ ಅದೇ ಬೇಕು. ಸೂರ್ಯ ಹುಟ್ಟುವ ಮೊದಲಿನ ಗಳಿಗೆಯಲ್ಲಿ ನೀರಿನಲ್ಲಿ ಆಮ್ಲಜನಕ ತೀರಾ ತಳ ಮುಟ್ಟಿರುತ್ತದೆ. ಹಿಂದಿನ ದಿನ ಮೋಡ ಕವಿದಿದ್ದರಂತೂ ಹಗಲಿನ ಉತ್ಪತ್ತಿಯೂ ಇಲ್ಲ. ಅದರ ಮೇಲೆ ಮೊದಲ ಮಳೆ ತೋಡುಗಳಲ್ಲಿ ಬೇಸಗೆಯಿಡೀ ಸೇರಿದ ಕಸ, ಎಲೆ, ಚರಂಡಿ ನೀರು ಎಲ್ಲವನ್ನೂ ಒಂದೇ ಸಲಕ್ಕೆ ತಂದು ಸುರಿಯುತ್ತದೆ. ಕೆಸರು ಕದಡಿ ಅಡಿಯಲ್ಲಿದ್ದ ಹೈಡ್ರೋಜನ್ ಸಲ್ಫೈಡ್ ಮೇಲೆ ಬರುತ್ತದೆ. ಆ ದಿನ ಮೂಗಿಗೆ ಬಡಿಯುವ ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಹಾಗಾಗಿ ಮೀನನ್ನು ಕೊಂದದ್ದು ಮಳೆ ಎಂದು ಹೇಳುವಂತಿಲ್ಲ. ಜನವರಿಯಿಂದ ಅಲ್ಲಿ ಕೂಡಿಬಿದ್ದದ್ದನ್ನು ಅದು ಕದಡಿತು, ಅಷ್ಟೆ.

ಹಾಗಾದರೆ ಕೇಳಬೇಕಾದ ಪ್ರಶ್ನೆ, ಅದು ಅಲ್ಲಿ ಕೂಡಿಬಿದ್ದದ್ದು ಯಾಕೆ ಎಂಬುದು. ಕಡಲಿಗೆ ಬಾಯಿ ತೆರೆದ ಹಿನ್ನೀರಿನಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಗೂ ಇವೆರಡರ ನಡುವಿನ ಅಂತರ ಒಂದೂವರೆ ಮೀಟರಿನ ಆಸುಪಾಸು. ಆಳವೇ ಒಂದೆರಡು ಮೀಟರ್ ಇರುವ ಹಿನ್ನೀರಿಗೆ ಅದು ಸಣ್ಣ ಮಾತಲ್ಲ. ದಾರಿ ಸಲೀಸಾಗಿದ್ದರೆ ಒಳಗಿನ ನೀರಿನ ದೊಡ್ಡ ಪಾಲು ದಿನದಿನವೂ ಬದಲಾಗುತ್ತದೆ. ನಾಲ್ಕು ಮನೆಯ ಕೊಳಚೆ ಬಿದ್ದರೂ ಕಡಲು ಒಯ್ಯುತ್ತದೆ. ದಾರಿ ಕಟ್ಟಿದರೆ ಅದೇ ನಾಲ್ಕು ಮನೆಯ ಕೊಳಚೆ ನೀರನ್ನು ಹಸಿರು ಮಾಡಲು ಸಾಕು. ಹೊಯ್ಗೆಯೋ ಕೊಳಚೆಯೋ ಹವಾಮಾನವೋ ಎಂಬ ನಿಮ್ಮೂರಿನ ಜಗಳದಲ್ಲಿ ಮೂವರ ಮಾತಿನಲ್ಲೂ ನಿಜ ಇದೆ. ಆದರೆ ನನ್ನನ್ನು ಕೇಳಿದರೆ, ಮೊದಲು ನೋಡಬೇಕಾದದ್ದು ನೀರು ಬಂದು ಹೋಗುವ ದಾರಿ. ಉಳಿದ ಹಾನಿಗಳೆಲ್ಲ ಅದು ಕೆಟ್ಟ ಮೇಲೆ ಹತ್ತು ಪಟ್ಟಾಗಿ ಕಾಣಿಸಿಕೊಳ್ಳುತ್ತವೆ.

ಕೇರಳದ 44 ಹೊಳೆಗಳಲ್ಲಿ 12 ಕಾಸರಗೋಡು ಜಿಲ್ಲೆಯವು. ಚಂದ್ರಗಿರಿಯಂಥ 105 ಕಿಲೋಮೀಟರಿನ ಹೊಳೆಯೂ ಇದೆ, ಮಂಜೇಶ್ವರದಂಥ 16 ಕಿಲೋಮೀಟರಿನದ್ದೂ ಇದೆ. ಎಲ್ಲವಕ್ಕೂ ಸ್ವಭಾವ ಒಂದೇ: ಆಟಿಯ ಮಳೆಗಾಲದಲ್ಲಿ ಉಕ್ಕುವುದು, ಬೇಸಗೆಯಲ್ಲಿ ಬತ್ತುವುದು. ಉಕ್ಕಿದಾಗ ಅಳಿವೆಯ, ಅಂದರೆ ಹೊಳೆ ಕಡಲು ಸೇರುವಲ್ಲಿನ, ಹೊಯ್ಗೆಯನ್ನು ಕಡಲಿಗೆ ತಳ್ಳುತ್ತವೆ. ಬತ್ತಿದಾಗ ಕಡಲು ಆ ಹೊಯ್ಗೆಯನ್ನು ತಿರುಗಿ ತಂದು ಅಳಿವೆ ಬಾಯಿಗೆ ಅಡ್ಡ ಹಾಕುತ್ತದೆ. ಇದು ಮೊದಲಿನಿಂದ ನಡೆದು ಬಂದದ್ದೇ. ಈಗ ಬೇಸಗೆಯ ಹೊಳೆನೀರನ್ನು ಮೇಲೆಯೇ ಪಂಪು ಎಳೆಯುತ್ತದೆ, ಅಣೆಕಟ್ಟು ಹಿಡಿಯುತ್ತದೆ. ಹಾಗಾಗಿ ಬಾಯಿ ಮುಚ್ಚುವುದು ಬೇಗ, ತೆರೆಯುವುದು ತಡ.

ಒಳಗಿನ ದಾರಿಯನ್ನೂ ನಾವೇ ಕಟ್ಟಿದ್ದೇವೆ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಹೊಳೆಗೆ ಸೇತುವೆ ಕಟ್ಟಿದರು, ಬದಿಯ ಕೆಸರು ಬಯಲಿಗೆ ಮಣ್ಣಿನ ದಿಬ್ಬ ಹಾಕಿದರು. ಆಮೇಲೆ ಹೆದ್ದಾರಿ, ಈಗ ಅದೇ ಹೆದ್ದಾರಿ ಆರು ಪಥ. ನಡುನಡುವೆ ಮನೆಗಳಿಗೆ ಹೋಗುವ ಪಂಚಾಯತು ರಸ್ತೆಗಳು, ಒಂದೊಂದಕ್ಕೆ ಒಂದೊಂದು ಸಿಮೆಂಟು ಮೋರಿ. ಅಗಲವಾಗಿ ಹರಡಿಕೊಂಡು ಬರುತ್ತಿದ್ದ ಭರತದ ನೀರು ಈಗ ಮೋರಿಯೊಳಗೆ ತೂರಿ ಬರಬೇಕು. ಅಷ್ಟರಲ್ಲಿ ಇಳಿತದ ಹೊತ್ತಾಗಿರುತ್ತದೆ. ರಸ್ತೆ ಬೇಡ ಎನ್ನುತ್ತಿಲ್ಲ, ನಾನೂ ಅದೇ ರಸ್ತೆಯಲ್ಲಿ ಓಡಾಡುವವನು. ಆದರೆ ಮೋರಿಯ ಅಗಲ ಲೆಕ್ಕ ಹಾಕುವವರು ಮಳೆನೀರು ಹೊರಗೆ ಹೋಗುವುದನ್ನು ಮಾತ್ರ ಲೆಕ್ಕ ಹಾಕುತ್ತಾರೆ. ಕಡಲು ಒಳಗೆ ಬರುವುದು ಅವರ ಕಾಗದದಲ್ಲಿ ಇರುವುದಿಲ್ಲ.

ಕಟ್ಟುವುದೆಲ್ಲ ತಪ್ಪೆಂದೂ ಅಲ್ಲ. ಏತಡ್ಕದ ಕಡೆ ಮಳೆ ನಿಂತ ಮೇಲೆ ತೋಡಿಗೆ ಅಡ್ಡ ಹಾಕುವ ಕಟ್ಟಗಳನ್ನು ನೀವೂ ನೋಡಿರಬಹುದು. ಬಾವಿಗೂ ತೋಟಕ್ಕೂ ನೀರಿಳಿಸಿ, ಮಳೆಗಾಲದ ಮೊದಲಿಗೆ ಕಿತ್ತುಹೋಗುವ ವ್ಯವಸ್ಥೆ ಅದು. ಚಂದ್ರಗಿರಿಯ ಬಾವಿಕ್ಕರೆಯಲ್ಲಿ ಉಪ್ಪುನೀರು ತಡೆಯದಿದ್ದರೆ ಕಾಸರಗೋಡು ಪೇಟೆಯ ನಳ್ಳಿಯಲ್ಲಿ ಬೇಸಗೆಗೆ ಉಪ್ಪುನೀರೇ ಬರುತ್ತಿತ್ತು. ತೊಂದರೆ ಬರುವುದು ಹಲಗೆ ಹಾಕಿದವರು ತೆಗೆಯಲು ಮರೆತಾಗ, ಅಥವಾ ಕಟ್ಟನ್ನು ಅಳಿವೆಗೆ ತೀರಾ ಹತ್ತಿರ ತಂದಾಗ. ವೆಂಬನಾಡು ಹಿನ್ನೀರಿನ ತಣ್ಣೀರ್ಮುಕ್ಕಂ ಅಣೆ ಇದಕ್ಕೆ ಕೇರಳದಲ್ಲೇ ಇರುವ ದೊಡ್ಡ ಪಾಠ. ಕುಟ್ಟನಾಡಿನ ಬೇಸಗೆ ಬೆಳೆಗೆ ಉಪ್ಪು ತಗಲದಿರಲೆಂದು 1970ರ ದಶಕದಲ್ಲಿ ಕಟ್ಟಿದ್ದು. ಭತ್ತಕ್ಕೆ ಅನುಕೂಲವಾಯಿತು. ಆದರೆ ಉಪ್ಪು ಬಂದರೆ ಸಾಯುತ್ತಿದ್ದ ಅಂತರಗಂಗೆ ಸಾಯದೆ ಹರಡಿತು. ಗದ್ದೆಯ ಗೊಬ್ಬರ, ಕೀಟನಾಶಕ ತೊಳೆದು ಹೋಗದೆ ಒಳಗೇ ನಿಂತಿತು. ಅಲ್ಲಿನ ಆಟ್ಟುಕೊಂಜು ಎಂಬ ದೊಡ್ಡ ಸಿಗಡಿ ಬೆಳೆಯುವುದು ಸಿಹಿನೀರಿನಲ್ಲಿ. ಮರಿ ಬದುಕಲು ಮಾತ್ರ ಅದಕ್ಕೆ ಉಪ್ಪುಬೆರೆತ ನೀರೇ ಬೇಕು. ಇಳಿದು ಬಂದು ಹತ್ತಿ ಹೋಗುವ ದಾರಿಗೆ ಬಾಗಿಲು ಬಿದ್ದ ಮೇಲೆ ಅದರ ಸಂಖ್ಯೆಯೂ ಕುಸಿಯಿತು.

ಇನ್ನು ಮರುವಾಯಿ. ಹಿನ್ನೀರಿನ ಜೀವವೈವಿಧ್ಯ ಎಂದಾಗ ನಮ್ಮ ಕಣ್ಣು ಹಕ್ಕಿಯ ಮೇಲೋ ಮರದ ಮೇಲೋ ಹೋಗುತ್ತದೆ. ಆದರೆ ಇಂಥ ಆಳವಿಲ್ಲದ ನೀರಿನಲ್ಲಿ ಬದುಕಿನ ಬಹುಪಾಲು ಇರುವುದು ತಳದಲ್ಲಿ. ಬೆಳಕು ತಳಕ್ಕೆ ಮುಟ್ಟುತ್ತದೆ. ಮುಟ್ಟಿದಲ್ಲಿ ಹುಲ್ಲು ಬೆಳೆಯುತ್ತದೆ. ಕೇರಳದ ಹಿನ್ನೀರುಗಳಲ್ಲಿ ಕಾಣುವ ಹ್ಯಾಲೋಫಿಲಾ ಬೆಕ್ಕಾರಿ ಎಂಬ ಪುಟ್ಟ ಕಡಲಹುಲ್ಲು ಹಾಗೆ ಬದುಕುವಂಥದ್ದು. ಜಗತ್ತಿನಲ್ಲೇ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿದೆ. ನಮ್ಮವರಿಗೆ ಮಾತ್ರ ಅದು ಕಾಲಿಗೆ ತೊಡರುವ ಕಸ. ಹುಲ್ಲಿನ ಬೇರು ಕೆಸರನ್ನು ಹಿಡಿಯುತ್ತದೆ, ಕೆಸರು ಏಳದಿದ್ದರೆ ನೀರು ತಿಳಿಯಾಗಿರುತ್ತದೆ, ತಿಳಿಯಾಗಿದ್ದರೆ ಹುಲ್ಲು ಇನ್ನಷ್ಟು ಹರಡುತ್ತದೆ. ಮರುವಾಯಿಯೂ ನೀರು ಸೋಸಿ ತಿಂದು ಇದಕ್ಕೆ ಕೈಜೋಡಿಸುತ್ತದೆ. ಆದರೆ ಒಮ್ಮೆ ಪಾಚಿಯಿಂದ ನೀರು ಮಂಕಾಗಿ ತಳಕ್ಕೆ ಬೆಳಕು ತಪ್ಪಿದರೆ ಹುಲ್ಲು ಸಾಯುತ್ತದೆ. ಹಿಡಿತ ತಪ್ಪಿದ ಕೆಸರು ಸಣ್ಣ ಗಾಳಿಗೂ ಏಳುತ್ತದೆ, ನೀರು ಮತ್ತಷ್ಟು ಮಂಕಾಗುತ್ತದೆ. ಇದು ಸ್ವಲ್ಪ ಸ್ವಲ್ಪವಾಗಿ, ಒಂದೇ ಸಮನೆ ನಡೆಯುವ ಸಂಗತಿಯಲ್ಲ. ವರ್ಷಾನುಗಟ್ಟಲೆ ಏನೂ ಆಗದಂತೆ ಕಂಡು, ಆಮೇಲೆ ಎರಡು ಮೂರು ಬೇಸಗೆಯಲ್ಲೇ ಎಲ್ಲ ತಿರುಗಿಬೀಳುತ್ತದೆ. ‘ಮೊನ್ನೆ ಮೊನ್ನೆಯವರೆಗೂ ಇತ್ತು’ ಎಂದು ಹಿರಿಯರು ಹೇಳುವುದು ಅದಕ್ಕೇ. ಹಿಂದಿರುಗುವ ದಾರಿಯೂ ಅಷ್ಟೇ ಕಷ್ಟದ್ದು. ಕೊಳಚೆಯನ್ನು ಹಿಂದಿನ ಮಟ್ಟಕ್ಕೆ ಇಳಿಸಿದರೆ ಸಾಲದು, ಅದಕ್ಕಿಂತ ಕೆಳಗೆ ಇಳಿಸಬೇಕಾಗುತ್ತದೆ. ಕೆಸರಿನಲ್ಲಿ ಸೇರಿಕೊಂಡ, ಪಾಚಿಗೆ ಗೊಬ್ಬರವಾಗುವ ರಂಜಕ ವರ್ಷಗಟ್ಟಲೆ ಹೊರಬರುತ್ತಲೇ ಇರುತ್ತದೆ.

ಹೊಯ್ಗೆಯ ವಿಷಯ. ಕೇರಳದಲ್ಲಿ ಹೊಳೆದಡ ರಕ್ಷಣೆಗೂ ಹೊಯ್ಗೆ ತೆಗೆಯುವುದರ ನಿಯಂತ್ರಣಕ್ಕೂ 2001ರಿಂದ ಕಾನೂನಿದೆ, ರಾತ್ರಿ ಹೊತ್ತು ಟಿಪ್ಪರುಗಳೂ ಇವೆ. ಹೊಯ್ಗೆ ತೆಗೆದ ಹೊಳೆಯ ತಳ ತಗ್ಗುತ್ತದೆ, ಉಪ್ಪುನೀರು ಇನ್ನಷ್ಟು ಮೇಲೆ ಹತ್ತುತ್ತದೆ, ದಡದ ಬಾವಿಗಳು ಉಪ್ಪಾಗುತ್ತವೆ. ಇಷ್ಟು ಎಲ್ಲರಿಗೂ ಗೊತ್ತು. ಜನ ಗಮನಿಸದೆ ಇರುವುದು ಗುಂಡಿಗಳನ್ನು. ತೆಗೆದಲ್ಲಿ ಉಳಿಯುವ ಆಳದ ಗುಂಡಿಯಲ್ಲಿ ಭಾರವಾದ ಉಪ್ಪುನೀರು ಕೆಳಗೆ, ಹಗುರವಾದ ಸಿಹಿನೀರು ಮೇಲೆ ನಿಂತುಬಿಡುತ್ತದೆ. ಎರಡೂ ಬೆರೆಯುವುದಿಲ್ಲ. ಕೆಳಗಿನ ನೀರಿಗೆ ಗಾಳಿ ಸೋಕುವುದಿಲ್ಲ. ಅಲ್ಲಿ ಬಿದ್ದ ಎಲೆ, ಕಸ ಕೊಳೆತು ಕಪ್ಪಾಗುತ್ತದೆ. ಮರುವಾಯಿಗೆ ಬೇಕಾದದ್ದು ಹೊಯ್ಗೆ ಬೆರೆತ ಗಟ್ಟಿ ತಳ. ಹೊಯ್ಗೆ ಹೋಗಿ ಮೆತ್ತನೆ ಕೆಸರು ಉಳಿದರೆ ಅದರ ಮರಿಗೆ ನಿಲ್ಲಲು ನೆಲೆಯೇ ಇಲ್ಲ. ಸುಣ್ಣಕ್ಕೆಂದು ಸತ್ತ ಚಿಪ್ಪನ್ನೂ ಬಾಚಿ ಒಯ್ಯುತ್ತೇವೆ. ಆ ಚಿಪ್ಪಿನ ಹಾಸಿನ ಮೇಲೆಯೇ ಎಳೆಯ ಮರುವಾಯಿ ಕೂರುವುದು.

ಚಂದ್ರಗಿರಿಯಲ್ಲಿ ಇದೇ ಹೊಯ್ಗೆ ಇನ್ನೊಂದು ಜೀವಕ್ಕೆ ಬೇಕು. ಮಲಯಾಳದವರು ಪಾಲಪ್ಪೂವನ್ ಎನ್ನುವ ದೈತ್ಯ ಮೆದುಚಿಪ್ಪಿನ ಆಮೆ ಹಗಲಿನ ಬಹುಪಾಲನ್ನು ಹೊಯ್ಗೆಯಲ್ಲಿ ಹೂತುಕೊಂಡೇ ಕಳೆಯುತ್ತದೆ, ದಡದ ಹೊಯ್ಗೆಯಲ್ಲೇ ಮೊಟ್ಟೆ ಇಡುತ್ತದೆ. 2023ರಲ್ಲಿ ಕಾಸರಗೋಡು ತನ್ನದೇ ಆದ ಜಿಲ್ಲಾ ಮರ, ಹೂ, ಹಕ್ಕಿ, ಪ್ರಾಣಿಗಳನ್ನು ಘೋಷಿಸಿತು. ಕಾಸರಕ ಮರವಾಯಿತು, ಬಿಳಿಹೊಟ್ಟೆಯ ಕಡಲ ಹದ್ದು ಹಕ್ಕಿಯಾಯಿತು, ಈ ಆಮೆ ಪ್ರಾಣಿಯಾಯಿತು. ಆಮೆಗೆ ಪದವಿ ಸಿಕ್ಕಿತು, ಹೊಯ್ಗೆಗೆ ರಕ್ಷಣೆ ಸಿಕ್ಕಿದರೆ ಪದವಿ ಸಾರ್ಥಕ.

ಕೊಳಚೆಯಲ್ಲಿ ಪೇಟೆಯ ಚರಂಡಿ, ಮಾಂಸದಂಗಡಿಯ ಕಸ ಕಣ್ಣಿಗೆ ಕಾಣುತ್ತವೆ. ಕಾಣದ್ದು ಶೌಚದ ಗುಂಡಿ. ಕಡಲ ಬದಿಯ ಹೊಯ್ಗೆ ನೆಲದಲ್ಲಿ ಒಂದಾಳು ತೋಡಿದರೆ ನೀರು. ಅಲ್ಲಿ ತಳಕ್ಕೆ ಸಿಮೆಂಟು ಹಾಕದ ಗುಂಡಿ ತೋಡಿದರೆ ಅದರ ನೀರು ನಿಮ್ಮ ಬಾವಿಗೂ ಹೋಗುತ್ತದೆ, ಹಿನ್ನೀರಿಗೂ ಹೋಗುತ್ತದೆ. ಮೊದಲು ದಡಗಳಲ್ಲಿ ತೆಂಗಿನ ಸಿಪ್ಪೆ ಕೊಳೆಹಾಕುವ ಗುಂಡಿಗಳಿದ್ದವು, ಅಲ್ಲೂ ಆಮ್ಲಜನಕ ತೀರಿ ಮೀನು ದೂರವಾಗುತ್ತಿತ್ತು. ಈಗ ಅದು ಕಡಿಮೆ. ಅಡಿಕೆ ತೋಟದ ಬಗ್ಗೆಯೂ ಒಂದು ಮಾತು ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಕೊಳೆರೋಗಕ್ಕೆ ಬಿಡುವ ಮದ್ದು ಎಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿನ ತಾಮ್ರದಲ್ಲಿ ಹೆಚ್ಚಿನ ಪಾಲು ತೋಟದ ಮಣ್ಣಿಗೇ ಅಂಟಿ ಕೂರುತ್ತದೆ. ಆದರೆ ಮಣ್ಣು ಕೊಚ್ಚಿ ಹೋದಾಗ ತಾಮ್ರವೂ ಜೊತೆಗೆ ಹೋಗುತ್ತದೆ. ಚಿಪ್ಪಿನ ಜೀವಿಗಳ ಮರಿಗಳಿಗೆ ತಾಮ್ರ ಬಹಳ ಬೇಗ ವಿಷವಾಗುತ್ತದೆ. ಮದ್ದು ಬಿಡಬೇಡಿ ಎಂದರೆ ಯಾರೂ ಕೇಳಲಾರರು, ಕೇಳಲೂ ಆಗದು. ಡ್ರಮ್ಮನ್ನು ತೋಡಿನಲ್ಲಿ ತೊಳೆಯಬೇಡಿ, ತೋಡಿನ ಅಂಚಿಗೆ ಎರಡು ಸಾಲು ಹುಲ್ಲು ಬಿಡಿ. ಇಷ್ಟನ್ನಾದರೂ ಮಾಡಬಹುದು.

ಹವಾಮಾನ ಬದಲಾವಣೆ ಸುಳ್ಳಲ್ಲ. ಕಡಲು ಬಿಸಿಯಾಗುತ್ತಿದೆ, ಬಿಸಿ ನೀರು ಹಿಡಿಯುವ ಆಮ್ಲಜನಕ ಕಡಿಮೆ, ಮಳೆ ಕೆಲವೇ ದಿನಗಳಲ್ಲಿ ಒಟ್ಟಾಗಿ ಬೀಳುತ್ತಿದೆ. ಆದರೆ ಊರಿನ ಮಟ್ಟಿಗೆ ಆ ಕಾರಣವನ್ನು ಮುಂದಿಟ್ಟುಕೊಳ್ಳುವುದರಲ್ಲಿ ಒಂದು ಸೋಮಾರಿತನ ಇದೆ. ಅದನ್ನು ಹೇಳಿದವರು ಮೋರಿ ಅಗಲ ಮಾಡುವ ಕೆಲಸದಿಂದ ಪಾರಾಗುತ್ತಾರೆ.

ಈಗ ನಿಮ್ಮ ಸಂಘದವರ ಕಾಂಡ್ಲ. ಅವರ ಉತ್ಸಾಹವನ್ನು ತಣ್ಣಗೆ ಮಾಡುವುದು ನನಗಿಷ್ಟವಿಲ್ಲ. ಆದರೂ ಕೆಸರು ಬಯಲಿನ ತುಂಬ ನೆಡುವುದನ್ನು ದಯವಿಟ್ಟು ನಿಲ್ಲಿಸಿ. ಇಳಿತದಲ್ಲಿ ತೆರೆದುಕೊಳ್ಳುವ ಆ ಬಯಲು ಖಾಲಿ ಜಾಗದಂತೆ ಕಾಣುತ್ತದೆ. ಖಾಲಿ ಅಲ್ಲ. ಅದರೊಳಗೆ ಹುಳ, ಏಡಿ, ಮರುವಾಯಿಯ ಮರಿ ಇವೆ. ಅಕ್ಟೋಬರಿನಿಂದ ಮಾರ್ಚಿನವರೆಗೆ ಮಧ್ಯ ಏಷ್ಯಾ, ಸೈಬೀರಿಯಾ ಕಡೆಯಿಂದ ಬರುವ ಗೊರವ, ಉಲ್ಲಂಕಿಗಳು ಕೊಕ್ಕು ತೂರಿಸಿ ತಿನ್ನುವುದು ಅಲ್ಲಿಂದಲೇ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಗೆ ದಟ್ಟ ಗಿಡದ ನಡುವೆ ಇಳಿಯಲೂ ಆಗುವುದಿಲ್ಲ, ಮೇಲಿನಿಂದ ಬರುವ ಗಿಡುಗ ಕಾಣುವುದೂ ಇಲ್ಲ. ಗಿಡಗಳ ದೃಷ್ಟಿಯಿಂದ ನೋಡಿದರೂ ಇದು ನಷ್ಟದ ಬಾಬತ್ತು. ಕಾಂಡ್ಲ ತಾನಾಗಿ ಬೆಳೆಯುವುದು ಭರತದ ಮೇಲಂಚಿನಲ್ಲಿ, ದಿನದ ಹೆಚ್ಚು ಹೊತ್ತು ಬೇರಿಗೆ ಗಾಳಿ ತಾಗುವಲ್ಲಿ. ತಗ್ಗಿನ ಬಯಲಿನಲ್ಲಿ ನೆಟ್ಟರೆ ದಿನದ ಬಹುಪಾಲು ಮುಳುಗಿ, ಒಂದೆರಡು ವರ್ಷದಲ್ಲಿ ಸಾಯುತ್ತವೆ. ನೆಟ್ಟ ದಿನದ ಫೋಟೋ ಮಾತ್ರ ಉಳಿಯುತ್ತದೆ.

ಪಕ್ಕದ ಕಣ್ಣೂರು ಜಿಲ್ಲೆಯ ಕಲ್ಲೇನ್ ಪೊಕ್ಕುಡನ್ ಅವರ ಹೆಸರು ಸಂಘದವರೂ ಕೇಳಿರುತ್ತಾರೆ. 1989ರಲ್ಲಿ ಪಳಯಂಗಾಡಿ ಬಳಿ ಕಾಂಡ್ಲ ನೆಡಲು ಶುರು ಮಾಡಿ, 2015ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ಬದುಕಾಗಿಸಿಕೊಂಡವರು. ಅವರು ನೆಟ್ಟದ್ದು ಹೊಳೆಬದಿಯ ಬದುವಿನ ಉದ್ದಕ್ಕೆ, ಕಾಂಡ್ಲ ಬೆಳೆಯಬೇಕಾದ ಅಂಚಿನಲ್ಲಿ. ನೆಲ, ನೀರು, ಗಿಡ ಮೂರನ್ನೂ ಬಲ್ಲ ಕೃಷಿ ಕೂಲಿಯ ಕಣ್ಣು ಅದು. ನೀವೂ ಹಾಗೆ ನೋಡಿ. ಮೊದಲು ಎಲ್ಲಿ ಇತ್ತು, ಯಾಕೆ ಹೋಯಿತು? ಕಡಿದದ್ದರಿಂದ ಹೋಗಿದ್ದರೆ ಕಡಿಯುವುದು ನಿಂತ ಮೇಲೆ, ಭರತ ತಂದು ಹಾಕುವ ಬೀಜದಿಂದಲೇ ಹೆಚ್ಚಾಗಿ ಮತ್ತೆ ಬರುತ್ತದೆ. ಭರತ ಬಾರದೆ ಹೋಗಿದ್ದರೆ ನೆಟ್ಟರೂ ಬದುಕದು. ನೆಡಲೇಬೇಕೆಂದಿದ್ದರೆ ದಡದ ಮೇಲಂಚಿಗೆ, ಅಲ್ಲೇ ಸುತ್ತಮುತ್ತ ಇರುವ ಜಾತಿಗಳನ್ನೇ ಬೆರೆಸಿ ನೆಡಿ: ಉಪ್ಪಟ್ಟಿ, ಕಾಂಡ್ಲ, ನಡುವೆ ಹೊಳೆಚುಳ್ಳಿ. ಬೇಗ ಬೆಳೆಯುತ್ತದೆಂದು ಒಂದೇ ಜಾತಿಯನ್ನು ಸಾಲು ಹಿಡಿದು ನೆಟ್ಟರೆ ಅದೂ ಒಂದು ತೋಟವೇ.

ಸಂಘದ ಹುಡುಗರಿಗೆ ಅದಕ್ಕಿಂತ ಉಪಯುಕ್ತವಾದ ಕೆಲಸ ಹೇಳುತ್ತೇನೆ. ಎರಡು ಬಿದಿರಿಗೆ ಅಳತೆಯ ಗೆರೆ ಎಳೆಯಲಿ. ಒಂದನ್ನು ಅಳಿವೆ ಬಾಯಿಯ ಒಳಬದಿಗೆ, ಇನ್ನೊಂದನ್ನು ನಿಮ್ಮ ಮನೆಯ ಹತ್ತಿರ ಊರಲಿ. ಹುಣ್ಣಿಮೆಯ ದಿನ ಬೆಳಗಿನಿಂದ ಸಂಜೆಯವರೆಗೆ ಅರ್ಧರ್ಧ ಗಂಟೆಗೆ ನೀರಿನ ಮಟ್ಟ ಬರೆದಿಡಲಿ. ಅಳಿವೆಯಲ್ಲಿ ಒಂದು ಮೀಟರ್ ಏರಿ ನಿಮ್ಮಲ್ಲಿ ಒಂದು ಗೇಣು ಮಾತ್ರ ಏರಿದರೆ, ಅಥವಾ ಏರಲು ಗಂಟೆಗಟ್ಟಲೆ ತಡವಾದರೆ, ನಡುವೆ ಎಲ್ಲೋ ಕುತ್ತಿಗೆ ಹಿಸುಕಿದೆ ಎಂದರ್ಥ. ಬಿದಿರನ್ನು ಒಂದೊಂದು ಮೋರಿಯ ಆಚೆ ಈಚೆ ಇಟ್ಟು ನೋಡಿದರೆ ಯಾವ ಮೋರಿ ಎಂಬುದೂ ಸಿಗುತ್ತದೆ. ಜೊತೆಗೆ ಬಿಳಿ ತಟ್ಟೆಯೊಂದಕ್ಕೆ ಹಗ್ಗ ಕಟ್ಟಿ ನೀರಿಗಿಳಿಸಿ, ಕಣ್ಣಿಗೆ ಮರೆಯಾಗುವ ಆಳವನ್ನು ತಿಂಗಳು ತಿಂಗಳು ಬರೆಯಲಿ. ಕೆಸರನ್ನೂ ಒಂದು ಹಿಡಿ ಎತ್ತಿ ನೋಡಲಿ. ಮೇಲಿನ ಕಂದು ಪದರ ದಪ್ಪವಾಗಿದ್ದಷ್ಟೂ ಒಳ್ಳೆಯದು. ಮೇಲಿನಿಂದಲೇ ಕಪ್ಪಾಗಿದ್ದರೆ ಅಲ್ಲಿ ಮರುವಾಯಿ ಹುಡುಕಿ ಪ್ರಯೋಜನವಿಲ್ಲ.

ಈ ಲೆಕ್ಕದ ಪುಸ್ತಕ ಹಿಡಿದುಕೊಂಡು ಪಂಚಾಯತಿಗೆ ಹೋಗಿ. ಅಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, 2002ರ ಕಾಯಿದೆ ಹೇಳುವುದೇ ಹಾಗೆ. ಗದ್ದೆ, ಜೌಗು ತುಂಬಿಸುವುದರ ಬಗ್ಗೆ 2008ರ ಕೇರಳದ ಕಾಯಿದೆ ಇದೆ. ನಿಮ್ಮ ಸುತ್ತಲಿನ ಜಾಗ ಅದರ ಡೇಟಾ ಬ್ಯಾಂಕಿನಲ್ಲಿ, ಅಂದರೆ ಅಂಥ ಜಾಗಗಳ ದಾಖಲೆ ಪಟ್ಟಿಯಲ್ಲಿ, ಇದೆಯೇ ಎಂದು ಕೃಷಿ ಭವನದಲ್ಲಿ ಕೇಳಿ. ಕಾಗದ ಮಲಯಾಳದಲ್ಲೇ ಕೊಡುತ್ತಾರೆ. ಕನ್ನಡದಲ್ಲಿ ಅರ್ಜಿ ಕೊಟ್ಟು ಕನ್ನಡದಲ್ಲಿ ಉತ್ತರ ಕೇಳುವ ಹಕ್ಕು ನಮಗಿದೆ, ಬಿಡಬೇಡಿ. ಕಾಂಡ್ಲ ಕಾಡು 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಅತಿ ಸೂಕ್ಷ್ಮ ವಿಭಾಗಕ್ಕೆ ಸೇರುತ್ತದೆ, ಅದೂ ಗೊತ್ತಿರಲಿ.

ಹೂಳೆತ್ತಿ, ಅಳಿವೆ ಕಡಿದು ಬಿಡೋಣ ಎಂಬ ಮಾತೂ ನಿಮ್ಮಲ್ಲಿ ಬಂದೇ ಬರುತ್ತದೆ. ಒಡಿಶಾದ ಚಿಲಿಕದಲ್ಲಿ 2000ದ ಸೆಪ್ಟೆಂಬರಿನಲ್ಲಿ ಕಡಲಿಗೆ ಹೊಸ ಬಾಯಿ ತೆರೆದದ್ದನ್ನು ಉದಾಹರಣೆ ಕೊಡುತ್ತಾರೆ. ನಿಜ, ಅಲ್ಲಿ ಉಪ್ಪು ಮರಳಿತು, ಕಳೆ ತಗ್ಗಿತು, ಮೀನು ಹಲವು ಪಟ್ಟು ಹೆಚ್ಚಿತು, ಅಪಾಯದಲ್ಲಿರುವ ರಾಮ್ಸರ್ ತಾಣಗಳ (ಜಾಗತಿಕ ಮಹತ್ವದ ಜೌಗು ಪ್ರದೇಶಗಳ) ಪಟ್ಟಿಯಿಂದ 2002ರಲ್ಲಿ ಅದರ ಹೆಸರು ಹೊರಬಂತು. ಆದರೆ ಅದಕ್ಕೆ ಮೊದಲು ನೀರಿನ ಹರಿವನ್ನು ಅಳೆದು, ಮಾದರಿ ಮಾಡಿ ನೋಡಿದ್ದರು. ಮೇಲಿನ ಜಲಾನಯನದ ಮಣ್ಣು ಕೊಚ್ಚದಂತೆ ಹಳ್ಳಿಗಳೊಂದಿಗೆ ಕೆಲಸವನ್ನೂ ಮಾಡಿದರು. ಜೆಸಿಬಿ ತಂದು ಸಿಕ್ಕಲ್ಲಿ ಕಡಿದರೆ ಬಾವಿಗಳಿಗೆ ಉಪ್ಪು ನುಗ್ಗೀತು, ದಡ ಕೊರೆದೀತು. ಹೂಳೆತ್ತುವುದಾದರೆ ಭರತದ ಕಾಲುವೆಯಲ್ಲಿ ಮಾತ್ರ, ಬಯಲು ಮುಟ್ಟಬಾರದು, ಎತ್ತಿದ ಕೆಸರನ್ನು ದಡದ ಕಾಂಡ್ಲದ ಮೇಲೆ ಸುರಿಯಬಾರದು. ಕೋವಳಂನಿಂದ ಬೇಕಲದವರೆಗೆ 616 ಕಿಲೋಮೀಟರಿನ ಜಲಮಾರ್ಗದ ಕೆಲಸ ನಡೆಯುತ್ತಿರುವ ಕಾರಣ, ಜಿಲ್ಲೆಯ ತೆಂಕು ಭಾಗದವರು ಇದನ್ನು ನಮಗಿಂತ ಹೆಚ್ಚು ಗಮನಿಸಬೇಕು.

ಕೊನೆಗೆ ತಮ್ಮನ ಪಚ್ಚಿಲೆ. ಮಾಡಬಹುದು, ಆದರೆ ಬಿದಿರಿನ ಲೆಕ್ಕ ಬಂದ ಮೇಲೆ. ಪಡನ್ನ, ತೃಕ್ಕರಿಪುರ, ವಲಿಯಪರಂಬದ ಕಡೆ ಕವ್ವಾಯಿ ಕಾಯಲಿನಲ್ಲಿ (ಹಿನ್ನೀರಿನಲ್ಲಿ) 1990ರ ದಶಕದ ಕೊನೆಯಿಂದ ಇದು ನಡೆದು ಬಂದಿದೆ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕಲಿಸಿಕೊಟ್ಟ ವಿದ್ಯೆ, ಹೆಂಗಸರ ಗುಂಪುಗಳೂ ಮಾಡಿ ಗೆದ್ದಿವೆ. ಮಳೆ ನಿಂತು ನೀರು ಉಪ್ಪಾದ ಮೇಲೆ ಕಡಲ ಬಂಡೆಗಳಿಂದ ಮರಿ ತಂದು, ಹಗ್ಗಕ್ಕೆ ಹತ್ತಿಬಟ್ಟೆಯಿಂದ ಸುತ್ತಿ, ಬಿದಿರಿನ ಚಪ್ಪರದಿಂದ ನೀರಿಗೆ ಇಳಿಬಿಡುತ್ತಾರೆ. ಬಟ್ಟೆ ಕೊಳೆತು ಹೋಗುವಷ್ಟರಲ್ಲಿ ಮರಿ ಹಗ್ಗಕ್ಕೆ ಅಂಟಿರುತ್ತದೆ. ಮಳೆಗಾಲದ ಸಿಹಿನೀರು ಬರುವ ಮೊದಲು, ಐದಾರು ತಿಂಗಳಲ್ಲಿ ಕೊಯ್ಲು. ಮೇವು ಹಾಕಬೇಕಿಲ್ಲ, ನೀರನ್ನೇ ಸೋಸಿ ತಿನ್ನುತ್ತದೆ. ಹಾಗೆಂದು ಅದು ಹಿನ್ನೀರನ್ನು ಶುದ್ಧ ಮಾಡಿಬಿಡುತ್ತದೆ ಎಂದು ತಿಳಿಯಬೇಡಿ. ಸೋಸಿದ್ದರ ಹಿಕ್ಕೆ ಚಪ್ಪರದ ಅಡಿಗೇ ಬೀಳುತ್ತದೆ. ಹರಿವಿಲ್ಲದಲ್ಲಿ ಚಪ್ಪರ ಒತ್ತೊತ್ತಾದರೆ ಅಡಿಯ ಕೆಸರು ಕಪ್ಪಾಗಿ, ಏಪ್ರಿಲಿನ ಬಿಸಿಗೆ ಮೊದಲು ಸಾಯುವುದು ಪಚ್ಚಿಲೆಯೇ. ನೀರು ಹಸಿರಾಗುವ, ಚರಂಡಿ ಸೇರುವ ಜಾಗದಲ್ಲಿ ಬೆಳೆದದ್ದನ್ನು ತಿನ್ನಲೂ ಬಾರದು, ಚರಂಡಿಯ ರೋಗಾಣುಗಳನ್ನೂ ಅದು ಹಾಗೆಯೇ ಸೋಸಿಟ್ಟುಕೊಂಡಿರುತ್ತದೆ.

ಮತ್ತೊಂದು ಎಚ್ಚರಿಕೆ ತಮ್ಮನಿಗೆ ಹೇಳಿ. ಅಷ್ಟಮುಡಿ, ವೆಂಬನಾಡುಗಳಲ್ಲಿ ಮೈಟೆಲ್ಲ ಸ್ಟ್ರಿಗೇಟ ಎಂಬ ಅಮೆರಿಕ ಖಂಡದ ಚಿಪ್ಪು ಸೇರಿಕೊಂಡಿದೆ, ಹಡಗುಗಳ ಮೂಲಕ ಬಂದಿರಬೇಕು. ಪಚ್ಚಿಲೆಯಂತೆಯೇ ಅಂಟುವ ಜಾತಿ, ಗಾತ್ರದಲ್ಲಿ ಸಣ್ಣದು, ಕಪ್ಪು ಕಂದು ಬಣ್ಣ, ಕೂತಲ್ಲಿ ಬೇರೆ ಚಿಪ್ಪಿಗೆ ಜಾಗ ಬಿಡುವುದಿಲ್ಲ. ಕಡಿಮೆಗೆ ಸಿಗುತ್ತದೆಂದು ತೆಂಕಣ ಕಾಯಲುಗಳಿಂದ ಮರಿಯನ್ನಾಗಲಿ, ಬಳಸಿದ ಹಗ್ಗ, ಬಿದಿರನ್ನಾಗಲಿ ತರಬಾರದು. ಮರಿ ಇಲ್ಲಿನ ಬಂಡೆಯದ್ದೇ ಆಗಿರಲಿ, ಹಗ್ಗ ಹೊಸದಿರಲಿ. ಮೊದಲ ವರ್ಷ ಒಂದೇ ಚಪ್ಪರ, ಭರತದ ಕಾಲುವೆಯ ಅಂಚಿಗೆ.